ಚೀಟಿಯಲ್ಲಿ ಬಂದ ಪಕ್ಷ

ಬೆಳಗಾವಿ ಹತ್ತಿರದ ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಕಲಂದರನ ಗಾದಿ ಅಂಗಡಿ ಇದೆ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದು ಕೊಡುವುದು ಅವನ ಅಜ್ಜನ ಕಾಲದಿಂದ ಬಂದ ಕೆಲಸ. ಸಂತೆಯ ದಿನ ದಿಂಬುಗಳನ್ನು ಟೆಂಪೋಕ್ಕೆ ಹೇರಿಕೊಂಡು ನಂದಗಡಕ್ಕೆ ಹೋಗುತ್ತಾನೆ. ಮಾತು ಕಡಿಮೆ. ಅಂಗಡಿಯಲ್ಲಿ ಮಾತಾಡುವ ಕೆಲಸವನ್ನು ಬಹಳ ವರ್ಷ ಮಾಡಿದವಳು ಅವನ ದೊಡ್ಡ ಮಗಳು ಕೌಸರ.

ಕೌಸರ ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬಂದಾಗ ಅವಳ ಕನ್ನಡ ಕೇಳಿ ಹುಡುಗಿಯರು ನಗುತ್ತಿದ್ದರು. ಮನೆಯಲ್ಲಿ ದಖನಿ, ಓಣಿಯಲ್ಲಿ ಮರಾಠಿ, ಪುಸ್ತಕದಲ್ಲಿ ಮಾತ್ರ ಕನ್ನಡ. ಆ ನಗು ಅವಳನ್ನು ಸುಮ್ಮನಾಗಿಸಲಿಲ್ಲ. ಸಂಜೆ ಅಂಗಡಿಯ ಮುಂದೆ ಕುಳಿತು ಬಂದ ಗಿರಾಕಿಗಳನ್ನೆಲ್ಲ ಮಾತಿಗೆ ಎಳೆದಳು. ಅರಳೆ ಯಾವುದು, ಫೋಮ್ ಯಾಕೆ ಬೇಡ, ಬೆನ್ನುನೋವಿದ್ದವರಿಗೆ ಎಂಥ ಗಾದಿ ಬೇಕು ಎಂದು ವಾದಿಸುತ್ತ ವಾದಿಸುತ್ತ ಕನ್ನಡ ಅವಳಿಗೆ ಒಲಿಯಿತು. ಕಾಲೇಜು ಸೇರುವ ಹೊತ್ತಿಗೆ ಅವಳು ಭಾಷಣಕ್ಕೆ ನಿಂತರೆ ಹಿಂದಿನ ಬೆಂಚಿನವರೂ ಕೇಳುತ್ತಿದ್ದರು.

ಅವಳು ಬಿ.ಎ. ಎರಡನೇ ವರ್ಷ ಮುಗಿಸಿದ ರಜೆ, ಎರಡು ಸಾವಿರದ ಹನ್ನೊಂದರ ಮೇ ತಿಂಗಳು. ಅಮೆರಿಕದ ಸೈನಿಕರು ಹೆಲಿಕಾಪ್ಟರಿನಲ್ಲಿ ಹೋಗಿ ಪಾಕಿಸ್ತಾನದ ಅಬೊಟಾಬಾದ್ ಎಂಬ ಊರಿನಲ್ಲಿ ಒಸಾಮಾ ಬಿನ್ ಲಾಡೆನ್‌ನನ್ನು ಕೊಂದ ಸುದ್ದಿ ಬಂತು. ಇಡೀ ಜಗತ್ತು ಹುಡುಕುತ್ತಿದ್ದ ಮನುಷ್ಯ ಗುಹೆಯಲ್ಲಿರಲಿಲ್ಲ, ಕಾಡಿನಲ್ಲಿರಲಿಲ್ಲ. ಸೈನಿಕ ಅಕಾಡೆಮಿಯ ಹತ್ತಿರ ಎತ್ತರದ ಗೋಡೆಯ ಮನೆಯೊಂದರಲ್ಲಿ ಹೆಂಡಿರು ಮಕ್ಕಳೊಂದಿಗೆ ವರ್ಷಗಟ್ಟಲೆ ಇದ್ದ. ಭಯೋತ್ಪಾದಕರ ವಿರುದ್ಧದ ಯುದ್ಧದಲ್ಲಿ ಆ ದೇಶ ಅಮೆರಿಕದ ಮಿತ್ರ, ಅದರಿಂದ ನೆರವು ಪಡೆಯುತ್ತಿದ್ದ ದೇಶ. ಹಾಗಾದರೆ ಮಿತ್ರನೇ ಅವನನ್ನು ಅಡಗಿಸಿಟ್ಟಿದ್ದನೋ, ಅಥವಾ ನಿಜವಾಗಿ ಗೊತ್ತಿರಲಿಲ್ಲವೋ? ಟಿ.ವಿ.ಯಲ್ಲಿ ಅದೇ ಮಾತು, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು. ಕಲಂದರನ ಅಂಗಡಿಯ ಮುಂದಿನ ಬಾಕಿನ ಮೇಲೆ ಪೇಪರ್ ಓದಲು ಬಂದು ಕೂರುವವರಲ್ಲೂ ಅದೇ. ಈ ವಿಷಯ ಬಂದರೆ ಸಾಕು, ಕಲಂದರ ಎದ್ದು ಹೋಗಿ ಹಿಂಜುವ ಯಂತ್ರ ಚಾಲೂ ಮಾಡುತ್ತಿದ್ದ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಕಾಲೇಜು ಶುರುವಾದ ಮೇಲೆ ರಾಜ್ಯಶಾಸ್ತ್ರದ ಅಧ್ಯಾಪಕರಾದ ಗುರುಪುತ್ರಪ್ಪನವರು ಒಂದು ಸುದ್ದಿ ತಂದರು. ಬೆಳಗಾವಿಯ ಸಂಘವೊಂದು ಪ್ರತಿವರ್ಷ ಕಾಲೇಜುಗಳಿಗೆ ಚರ್ಚಾಸ್ಪರ್ಧೆ ನಡೆಸುತ್ತದೆ, ಸಾರ್ವಜನಿಕರೂ ಬಂದು ಕೇಳಬಹುದು. ಈ ಸಲದ ವಿಷಯ, ‘ಬಿನ್ ಲಾಡೆನ್‌ಗೆ ಪಾಕಿಸ್ತಾನ ಸರ್ಕಾರವೇ ಆಶ್ರಯ ಕೊಟ್ಟಿತ್ತು.’ ಪ್ರತಿ ಕಾಲೇಜಿನಿಂದ ಇಬ್ಬರು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಕೌಸರಳ ಜೊತೆಗೆ ಆಯ್ಕೆಯಾದವಳು ಸಾಕ್ಷಿ. ಸಾಕ್ಷಿ ನಿಧಾನಕ್ಕೆ, ಯೋಚಿಸಿ ಮಾತಾಡುವ ಹುಡುಗಿ. ಇಬ್ಬರೂ ಮೊದಲ ವರ್ಷದಿಂದ ಒಂದೇ ಬೆಂಚು.

ಯಾರು ಯಾವ ಪಕ್ಷ ಎಂಬುದಕ್ಕೆ ಗುರುಪುತ್ರಪ್ಪನವರು ಎರಡು ಚೀಟಿ ಮಡಚಿ ಮೇಜಿನ ಮೇಲಿಟ್ಟರು. ಕೌಸರ ತೆಗೆದದ್ದರಲ್ಲಿ ‘ಪರ’ ಎಂದಿತ್ತು. ಅಂದರೆ ಆ ಸರ್ಕಾರ ಆಶ್ರಯ ಕೊಟ್ಟಿತ್ತು ಎಂದು ಅವಳು ವಾದಿಸಬೇಕು. ಅವರಿಗೆ ಗೊತ್ತಿರಲಿಲ್ಲ ಎಂದು ವಾದಿಸುವುದು ಸಾಕ್ಷಿಯ ಪಾಲಿಗೆ ಬಂತು. ಚೀಟಿ ನೋಡಿದ ಗುರುಪುತ್ರಪ್ಪನವರ ಮುಖ ಹಗುರಾಯಿತು. ಯಾರ ಮನಸ್ಸಿಗೂ ನೋವಾಗದಂತೆ ನೌಕರಿ ಮಾಡಿಕೊಂಡು ಬಂದ ಮನುಷ್ಯ ಅವರು. ಚೀಟಿ ತಿರುಗಾಮುರುಗಾ ಆಗಿದ್ದರೆ ಏನು ಮಾಡಬೇಕಿತ್ತು ಎಂಬ ಚಿಂತೆ ಅವರಿಗಿತ್ತು, ಅದು ತೀರಿತು. ಆ ನಿರಾಳವನ್ನು ಕೌಸರ ಗಮನಿಸಿದಳು. ಯಾಕೋ ಅವಳಿಗೆ ಅದು ಸರಿಬರಲಿಲ್ಲ. ಚೀಟಿಯೆಂದ ಮೇಲೆ ಯಾವುದು ಬಂದರೂ ಒಂದೇ ಅಲ್ಲವೇ ಎಂದು ಮನೆಗೆ ಹೋಗುವ ದಾರಿಯಲ್ಲಿ ಸಾಕ್ಷಿಯನ್ನು ಕೇಳಿದಳು. ಸಾಕ್ಷಿಗೆ ತನ್ನದೇ ಚಿಂತೆಯಿತ್ತು. ಅವಳ ಅಪ್ಪ ಭರಮಣ್ಣ ಸೇನೆಯಿಂದ ನಿವೃತ್ತನಾದ ಹವಾಲ್ದಾರ. ಅಪ್ಪನಿಗೆ ಹೇಳುವುದು ಹೇಗೆ?

ಅವಳು ಹೇಳಲಿಲ್ಲ. ಆದರೂ ವಾರದೊಳಗೆ ಭರಮಣ್ಣನಿಗೆ ಗೊತ್ತಾಯಿತು. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಲೇಜಿಗೆ ಬಂದ. ಗುರುಪುತ್ರಪ್ಪನವರ ಮುಂದೆ ಕುಳಿತು, ದನಿ ಏರಿಸದೆ ಹೇಳಿದ.

“ಸರ, ನಾ ಕಾಶ್ಮೀರದ ಹಿಮದಾಗ ನಿಂತು ಬಂದಾಂವ. ನನ್ನ ಜೋಡಿ ಹೋದವರು ಕೆಲವರು ತಿರಗಿ ಬರ್ಲಿಲ್ಲ. ನನ್ನ ಮಗಳು ಸ್ಟೇಜಿನ ಮ್ಯಾಲೆ ನಿಂತು ಆ ದೇಶದ ವಕಾಲತ್ತು ಮಾಡೂದು ಬ್ಯಾಡ್ರಿ. ಆ ಇನ್ನೊಬ್ಬಾಕಿಗೆ ಕೊಡ್ರಿ.”

ಗುರುಪುತ್ರಪ್ಪನವರು ಇಲ್ಲ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅವನು ಹೋದ ಮೇಲೆ ಕೌಸರಳನ್ನು ಕರೆಸಿ, ಪಕ್ಷ ಅದಲು ಬದಲು ಮಾಡಿಕೊಳ್ಳಲು ಅಡ್ಡಿಯಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಕೌಸರಳಿಗೆ ಅಡ್ಡಿ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಪಕ್ಷವೇ ಅವಳಿಗೆ ಹೆಚ್ಚು ರುಚಿಸಿತ್ತು. ಎಲ್ಲರೂ ಒಪ್ಪಿಕೊಂಡ ಮಾತನ್ನು ಮತ್ತೆ ಹೇಳುವುದರಲ್ಲಿ ಏನು ಹೆಚ್ಚುಗಾರಿಕೆ? ಮನೆಯಲ್ಲಿ ಕೇಳಿ ಹೇಳುವೆನೆಂದು ಬಂದಳು. ರಾತ್ರಿ ಊಟಕ್ಕೆ ಕುಳಿತಾಗ ಹೇಳಿದಳು. ಅವಳ ತಾಯಿ ಜೋಹರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಕಲಂದರ ತಾಟು ಸರಿಸಿ ಎದ್ದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯದೆ ನೇರವಾಗಿ ಕಾಲೇಜಿಗೆ ಹೊರಟ. ಅಲ್ಲಿ ಭರಮಣ್ಣನೂ ಬಂದು ಕುಳಿತಿದ್ದ, ಉತ್ತರ ಕೇಳಿಕೊಂಡು ಹೋಗಲು.

ಹುಡುಗಿಯರಿಬ್ಬರೂ ಹೊರಗೆ ವರಾಂಡಾದಲ್ಲಿ ನಿಂತಿದ್ದರು. ಒಳಗಿನ ಮಾತು ಕಿಟಕಿಯಿಂದ ಕೇಳುತ್ತಿತ್ತು. ಭರಮಣ್ಣ ನಿನ್ನೆಯ ಮಾತನ್ನೇ ಇನ್ನೊಮ್ಮೆ ಹೇಳಿದ. ಕಲಂದರ ಕುರ್ಚಿಯ ತುದಿಯಲ್ಲಿ ಕುಳಿತಿದ್ದ, ಅಂಗಿಯ ತೋಳಿಗೆ ಅರಳೆಯ ಎಳೆ ಅಂಟಿಕೊಂಡಿತ್ತು.

“ಹವಾಲ್ದಾರ ಸಾಹೇಬ್ರ, ನಿಮ್ಮ ಸಂಕಟ ನನಗ ತಿಳೀತೈತ್ರಿ,” ಎಂದ ಕಲಂದರ. “ಆದ್ರ ಆ ಮಾತು ನಿಮ್ಮ ಮಗಳು ಆಡಿದ್ರ ಜನ ಅದನ್ನ ಸ್ಪರ್ಧಾ ಅಂತಾರ. ನನ್ನ ಮಗಳು ಆಡಿದ್ರ ಸ್ಪರ್ಧಾ ಅನ್ನೂದಿಲ್ರಿ.”

ಗುರುಪುತ್ರಪ್ಪನವರು, ಈ ವರ್ಷ ನಮ್ಮ ಕಾಲೇಜಿನಿಂದ ಯಾರೂ ಹೋಗುವುದೇ ಬೇಡ, ಮುಂದಿನ ವರ್ಷ ನೋಡೋಣ ಎಂದರು. ಆಗ ಕೌಸರ ಕರೆಯದೆ ಒಳಗೆ ಬಂದಳು.

“ಸರ, ನನಗ ಯಾವ ಪಕ್ಷ ಆದ್ರೂ ನಡೀತದ್ರಿ. ಆದ್ರ ಚೀಟಿ ತಗದ ಮ್ಯಾಲೆ ಬದಲ್ ಮಾಡಿದ್ರ, ಯಾಕ ಬದಲ್ ಮಾಡಿದ್ರಿ ಅಂತ ಎಲ್ಲಾರೂ ಕೇಳ್ತಾರ. ಹೋಗೂದ ಬ್ಯಾಡ ಅಂದ್ರೂ ಅದನ್ನ ಕೇಳ್ತಾರ.”

ಕಲಂದರ ಮಗಳನ್ನು ಕಣ್ಣಿನಲ್ಲೇ ಗದರಿಸಿದ. ಏನೂ ತೀರ್ಮಾನವಾಗದೆ ಇಬ್ಬರು ಅಪ್ಪಂದಿರೂ ಹೊರಬಿದ್ದರು. ಖಾನಾಪುರದ ಜುಲೈ ಮಳೆ, ಛತ್ರಿಯಿದ್ದವರೂ ನಿಲ್ಲಬೇಕಾದ ಮಳೆ. ಕಾಲೇಜಿನ ಪೋರ್ಚಿನಲ್ಲಿ ಇಬ್ಬರೂ ಬಾಜೂಬಾಜೂ ನಿಂತುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಕಲಂದರ, ಹಿಮದಲ್ಲಿ ನೀವು ಮಲಗುತ್ತಿದ್ದುದು ಯಾತರ ಮೇಲೆ ಎಂದು ಕೇಳಿದ. ಅವನಿಗೆ ತಿಳಿದ ವಿಷಯ ಅದೊಂದೇ ಇತ್ತು. ಭರಮಣ್ಣ ಸೇನೆಯ ಮಲಗುಚೀಲದ ಬಗ್ಗೆ, ಒಳಗೆ ಹೊಕ್ಕರೂ ಬಿಡದ ಚಳಿಯ ಬಗ್ಗೆ ಹೇಳುತ್ತ ನಿಂತ. ಮಳೆ ಕಡಿಮೆಯಾದ ಮೇಲೂ ಆ ಮಾತು ನಡೆದಿತ್ತೆಂದು ಕಿಟಕಿಯಿಂದ ನೋಡಿದ ಗುರುಪುತ್ರಪ್ಪನವರು ಆಮೇಲೆ ಹುಡುಗಿಯರಿಗೆ ಹೇಳಿದರು.

ಎರಡು ದಿನ ಬಿಟ್ಟು ಸಾಕ್ಷಿ ಕಾಲೇಜಿಗೆ ಬಂದವಳೇ, ಚೀಟಿಯಲ್ಲಿ ಬಂದ ಹಾಗೇ ಇರಲಿ ಎಂದು ಅಪ್ಪ ಒಪ್ಪಿದನೆಂದಳು. ಒಂದೇ ಷರತ್ತು, ತನ್ನ ಮುಂದೆ ಓದಿ ತೋರಿಸಬೇಕು, ಸ್ಪರ್ಧೆಯ ದಿನ ತಾನೂ ಬರುತ್ತೇನೆ. ಹೀಗಾಗಿ ಅಭ್ಯಾಸ ಸಾಕ್ಷಿಯ ಮನೆಯಲ್ಲೇ ನಡೆಯಿತು. ಅವಳ ಅವ್ವ ಚುರುಮುರಿ ಕಲಸಿ ಇಡುವಳು. ಭರಮಣ್ಣ ಎದುರಿಗೆ ಕುಳಿತು ಮಗಳ ಒಂದೊಂದು ಮಾತಿಗೂ ಅಡ್ಡ ಹಾಕುವನು. ಅಷ್ಟು ದೊಡ್ಡ ಸೈನ್ಯದ ಮಗ್ಗುಲಲ್ಲೇ ಇದ್ದವನು ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ ಎಂದು ಅವನೇ ಕೇಳಿದ. ಸಾಕ್ಷಿ, ನೀನೇ ಹೇಳಪ್ಪಾ ಎಂದಳು. ಭರಮಣ್ಣ ಚುರುಮುರಿಯ ತಾಟು ಬದಿಗಿಟ್ಟು ಸ್ವಲ್ಪ ಯೋಚಿಸಿದ.

“ಪಹರೇದಾಗ ನಿಂತಾಂವ ಹೊರಗ ನೋಡ್ತಾನ. ವೈರಿ ಹೊರಗಿಂದ ಬರ್ತಾನಂತ ಅವಗ ಕಲಿಸಿರ್ತಾರ. ಬೆನ್ನ ಹಿಂದಿನ ಮನ್ಯಾಗ ಯಾರದಾರ ಅಂತ ಯಾಂವ ನೋಡ್ತಾನ?”

ಹೇಳಿದ ಮೇಲೆ ತಾನು ಯಾರ ಪರ ಮಾತಾಡಿದೆ ಎಂದು ಹೊಳೆದು ಅವನಿಗೇ ನಗು ಬಂತು. ಹುಡುಗಿಯರೂ ನಕ್ಕರು. ಸಾಕ್ಷಿ ಅದನ್ನು ಬರೆದುಕೊಂಡಳು.

ಸ್ಪರ್ಧೆಯ ದಿನ ಬೆಳಗಾವಿಯ ಸಭಾಭವನ ತುಂಬಿತ್ತು. ವಿದ್ಯಾರ್ಥಿಗಳು ಅರ್ಧ, ನಿವೃತ್ತರು, ಪತ್ರಿಕೆಯವರು, ಕುತೂಹಲಕ್ಕೆ ಬಂದವರು ಅರ್ಧ. ಕಲಂದರ ಬರಲಿಲ್ಲ. ಅಂಗಡಿಯಿದೆ ಎಂದ. ಕೌಸರಳ ಸರದಿ ಬಂದಾಗ ನಿರೂಪಕ ಅವಳ ಹೆಸರು ಕೂಗಿ, ‘ವಿಷಯದ ಪರವಾಗಿ’ ಎಂದ. ಕೂಡಲೇ ಸಭೆಯಲ್ಲಿ ಚಪ್ಪಾಳೆ ಎದ್ದಿತು. ಹಿಂದಿನಿಂದ ಯಾರೋ ಶಾಭಾಸ್ ಬೇಟಿ ಎಂದರು. ಅವಳಿಗಿಂತ ಮುಂಚೆ ಅದೇ ಪಕ್ಷ ಹಿಡಿದು ಮಾತಾಡಿದ ಯಾರಿಗೂ ಬಾಯಿ ತೆರೆಯುವ ಮೊದಲು ಚಪ್ಪಾಳೆ ಬಿದ್ದಿರಲಿಲ್ಲ. ಕೌಸರ ಮೈಕಿನ ಮುಂದೆ ನಿಂತು ಅದು ನಿಲ್ಲುವ ತನಕ ಕಾದಳು.

ಅವಳು ಆವೇಶದಿಂದ ಮಾತಾಡಲಿಲ್ಲ. ಸರ್ಕಾರ ಎಂದರೆ ಯಾರು ಎಂಬುದರಿಂದ ಶುರು ಮಾಡಿದಳು. ಮಂತ್ರಿಗಳೇ, ಸೈನ್ಯವೇ, ಗುಪ್ತಚರ ಇಲಾಖೆಯ ನಾಲ್ಕು ಜನವೇ? ಎಲ್ಲರಿಗೂ ಒಂದೇ ಸಮ ಗೊತ್ತಿತ್ತು ಎನ್ನಲು ಪುರಾವೆಯಿಲ್ಲ ಎಂದು ತಾನೇ ಒಪ್ಪಿಕೊಂಡಳು. ಆದರೆ ಅಂಥ ಗೋಡೆ ಅಂಥ ಜಾಗದಲ್ಲಿ ಯಾರ ಒಪ್ಪಿಗೆಯೂ ಇಲ್ಲದೆ ಏಳುವುದಿಲ್ಲ. ಕಳ್ಳನನ್ನು ಹುಡುಕುತ್ತೇನೆಂದು ಗೆಳೆಯನಿಂದ ನೆರವು ಪಡೆದವನ ಮನೆಯಲ್ಲೇ, ಬೀಗ ಹಾಕಿದ ಕೋಣೆಯೊಳಗೆ ಆ ಕಳ್ಳ ಸಿಕ್ಕರೆ, ಬೀಗದ ಕೈ ತನ್ನ ಅಣ್ಣನ ಹತ್ತಿರ ಇತ್ತು, ತನ್ನ ಹತ್ತಿರ ಇರಲಿಲ್ಲ ಎಂದು ಯಜಮಾನ ತಪ್ಪಿಸಿಕೊಳ್ಳಲಾಗದು. ಮಾತು ಮುಗಿದಾಗ ಬಂದ ಚಪ್ಪಾಳೆ ಮೊದಲಿನದಕ್ಕಿಂತ ಸಣ್ಣದಾಗಿತ್ತು. ಸಭೆಯವರು ಬೇರೆ ಏನನ್ನೋ ಕೇಳಲು ಕಾದಿದ್ದರು.

ಸಾಕ್ಷಿ ಎದ್ದಾಗ ಸಭೆ ಗುಜುಗುಜು ಎಂದಿತು. ಎರಡು ವಾಕ್ಯ ಆಡುವಷ್ಟರಲ್ಲಿ ಹಿಂದಿನಿಂದ ಒಬ್ಬ, ಅಲ್ಲೇ ಹೋಗಿ ಇರು ಎಂದು ಕೂಗಿದ. ಸಾಕ್ಷಿ ತಡವರಿಸಿದಳು. ಆಗ ನಡುವಿನ ಸಾಲಿನಲ್ಲಿದ್ದ ಭರಮಣ್ಣ ಎದ್ದುನಿಂತ. ಹಿಂದಕ್ಕೆ ತಿರುಗಿ, ಕೂಗಿದವನನ್ನು ಹುಡುಕಿ, ಅವನು ತಲೆ ತಗ್ಗಿಸುವ ತನಕ ನೋಡುತ್ತ ನಿಂತು ಆಮೇಲೆ ಕುಳಿತ. ಸಾಕ್ಷಿ ಮುಂದುವರಿಸಿದಳು. ಮಿತ್ರದೇಶದ ಹೆಲಿಕಾಪ್ಟರುಗಳು ಗಡಿ ದಾಟಿ ಬಂದು ಕೆಲಸ ಮುಗಿಸಿ ಹೊರಡುವ ತನಕ ಕಾಣದಿದ್ದ ಸೈನ್ಯಕ್ಕೆ, ಒಂದು ಮನೆಯೊಳಗೆ ಕುಳಿತ ಮನುಷ್ಯ ಕಂಡಿರಲೇಬೇಕು ಎನ್ನುತ್ತೀರಾ ಎಂದು ಕೇಳಿದಾಗ ಸಭೆಯೇ ನಕ್ಕಿತು. ಅಪ್ಪ ಹೇಳಿಕೊಟ್ಟ ಪಹರೆಯವನ ಮಾತಿಗೆ ಮುಂದಿನ ಸಾಲಿನ ಕೆಲವು ಮಾಜಿ ಸೈನಿಕರು ತಲೆಯಾಡಿಸಿದರು.

ಎಲ್ಲರ ಮಾತು ಮುಗಿದ ಮೇಲೆ ತೀರ್ಪುಗಾರರು ಪ್ರಶ್ನೆ ಕೇಳುವ ಪದ್ಧತಿ ಇತ್ತು. ಅವರಲ್ಲೊಬ್ಬರು ನಿವೃತ್ತ ಅಧಿಕಾರಿ. ಉಳಿದವರಿಗೆಲ್ಲ ಅಂಕಿಅಂಶ, ಇಸವಿ ಎಂದು ಕೇಳಿದ ಅವರು ಕೌಸರಳ ಕಡೆ ತಿರುಗಿ ಮುಗುಳ್ನಕ್ಕರು.

“ಸ್ಪರ್ಧೆ ಬಿಡಮ್ಮಾ. ನಿನ್ನ ಮನಸ್ಸಿನ ಮಾತು ಹೇಳು. ನಿಜವಾಗಿ ನೀನೇನು ನಂಬತೀ?”

ಪ್ರಶ್ನೆಯಲ್ಲಿ ಕೆಟ್ಟತನ ಇರಲಿಲ್ಲ. ಅವರು ಅವಳಿಗೆ ಒಂದು ಒಳ್ಳೆಯ ಅವಕಾಶ ಕೊಟ್ಟೆನೆಂದೇ ತಿಳಿದಿದ್ದರು. ಕೌಸರ ಎದ್ದು ನಿಂತಳು. ಬೇಕಾದ ಉತ್ತರ ಕೊಟ್ಟು ಕೂತುಬಿಡಬಹುದಿತ್ತು, ಸಭೆ ಚಪ್ಪಾಳೆ ಹೊಡೆಯುತ್ತಿತ್ತು. ಸ್ಟೇಜಿನ ಪುಸ್ತಕದ ಕನ್ನಡ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ.

“ಸರ, ಇದನ್ನ ನೀವು ಎಲ್ಲಾರ್ಗೂ ಕೇಳಿದ್ರ ನಾನೂ ಹೇಳ್ತೀನ್ರಿ. ನನಗ ಒಬ್ಬಾಕಿಗೆ ಕೇಳಿದ್ರ ಹೇಳೂದಿಲ್ರಿ.”

ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಪಕ್ಕದಲ್ಲಿದ್ದ ಹಿರಿಯ ಅಧ್ಯಾಪಕಿ ಬಾಗಿ ಏನೋ ಹೇಳಿದರು. ಸರಿ, ಎಲ್ಲರಿಗೂ ಕೇಳುತ್ತೇನೆ ಎಂದರು ಅಧಿಕಾರಿಗಳು. ಸಾಲಾಗಿ ಕುಳಿತ ಸ್ಪರ್ಧಿಗಳು ಒಬ್ಬೊಬ್ಬರೇ ಎದ್ದು ಹೇಳಿದರು. ಹೆಚ್ಚಿನವರು ಆಶ್ರಯ ಕೊಟ್ಟಿದ್ದರು ಎಂದರು. ವಿರೋಧ ಪಕ್ಷದಲ್ಲಿ ವಾದಿಸಿದ್ದ ಸಾಕ್ಷಿಯೂ ಮನಸ್ಸಿನಲ್ಲಿ ನಾನೂ ಹಾಗೆಯೇ ನಂಬುತ್ತೇನೆ ಎಂದಳು. ಕೌಸರಳ ಸರದಿ ಬಂದಾಗ ಅವಳು, ತನಗೆ ಗೊತ್ತಿಲ್ಲ, ಗೊತ್ತಿದ್ದವರು ಇನ್ನೂ ಬಾಯಿ ಬಿಟ್ಟಿಲ್ಲ ಎಂದು ಹೇಳಿ ಕುಳಿತಳು.

ಅವರ ಕಾಲೇಜಿಗೆ ಎರಡನೇ ಸ್ಥಾನ ಬಂತು. ವೈಯಕ್ತಿಕ ಬಹುಮಾನ ಸಾಕ್ಷಿಗೆ ಒಂದು ಸಿಕ್ಕಿತು, ಕೌಸರಳಿಗೆ ಏನೂ ಇಲ್ಲ. ತೀರ್ಪುಗಾರರಿಗೆ ಎದುರು ಮಾತಾಡಿದ್ದಕ್ಕೆ ಅಂಕ ಕಳೆದರು ಎಂದು ಕೆಲವರು ಹೇಳಿದರು. ಆ ಅಧಿಕಾರಿಗಳು ಮಾತ್ರ ಹೊರಡುವ ಮೊದಲು ಅವಳನ್ನು ಹುಡುಕಿಕೊಂಡು ಬಂದು, ನಾನು ಹಾಗೆ ಯೋಚಿಸಿರಲಿಲ್ಲ ಎಂದು ಹೇಳಿ ಹೋದರು.

ಮನೆಗೆ ಬಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಬ್ಬಾ ಖುಷಿಪಡಬಹುದೆಂದುಕೊಂಡಿದ್ದಳು. ಕಲಂದರನಿಗೆ ಸಿಟ್ಟು ಬಂತು. ಸುಲಭದ ಪ್ರಶ್ನೆ, ಸುಲಭದ ಉತ್ತರ, ಅದನ್ನು ಕೊಡಲು ನಿನಗೇನಾಗಿತ್ತು ಎಂದು ಒಮ್ಮೆ ಕೇಳಿದ. ಅದು ಸುಲಭವಿರಲಿಲ್ಲ ಎಂದಳು ಕೌಸರ. ಕೆಲವು ದಿನ ಅಪ್ಪ ಮಗಳ ನಡುವೆ ಬೇಕಾದಷ್ಟೇ ಮಾತು. ಜೋಹರಾ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಬಡಿಸಿದಳು.

ಡಿಗ್ರಿ ಮುಗಿಯುವ ಹೊತ್ತಿಗೆ ಭರಮಣ್ಣ ಅಂಗಡಿಗೆ ಬಂದ. ನಿಮ್ಮ ಹುಡುಗಿಯನ್ನು ಬೆಳಗಾವಿಗೆ ಕಾನೂನು ಓದಲು ಹಾಕಿರಿ ಎಂದು ಕಲಂದರನಿಗೆ ಹೇಳಿದ. ಕಲಂದರ ಒಪ್ಪಲಿಲ್ಲ. ದಿನಾ ಯಾರದೋ ಪರ, ಯಾರದೋ ವಿರೋಧ ನಿಲ್ಲುವ ಕೆಲಸ ನಮ್ಮಂಥವರಿಗೆ ಯಾಕೆ ಎಂದ. ಶಾಲೆಯ ಟೀಚರಾಗಲಿ, ನೆಮ್ಮದಿಯಿಂದಿರಲಿ. ತೀರ್ಮಾನ ಮಾಡಿದವಳು ಜೋಹರಾ. ಇವಳ ಬಾಯಿ ಹೇಗೂ ಸುಮ್ಮನಿರುವುದಿಲ್ಲ, ಅದಕ್ಕೊಂದು ಕರಿ ಕೋಟಾದರೂ ಇರಲಿ ಎಂದಳು. ಮೂರು ವರ್ಷ ಕೌಸರ ಬೆಳಗಿನ ರೈಲಿನಲ್ಲಿ ಬೆಳಗಾವಿಗೆ ಹೋಗಿ ಸಂಜೆ ಬಂದಳು.

ಪಾಕಿಸ್ತಾನಕ್ಕೆ ಗೊತ್ತಿತ್ತೋ ಇಲ್ಲವೋ ಎಂಬ ಆ ಪ್ರಶ್ನೆಗೆ ಇಂದಿಗೂ ಒಂದೇ ಉತ್ತರ ಸಿಕ್ಕಿಲ್ಲ. ಸ್ಪರ್ಧೆಯಾಗಿ ಎರಡು ವರ್ಷದ ಮೇಲೆ ಆ ದೇಶದ ಆಯೋಗದ ವರದಿ ಸೋರಿಕೆಯಾಗಿ, ಎಲ್ಲರ ಅಸಡ್ಡೆಯಿಂದ ಹೀಗಾಯಿತು ಎಂದು ಪತ್ರಿಕೆಗಳಲ್ಲಿ ಬಂತು. ಭರಮಣ್ಣ ಕೌಸರಳಿಗೆ ಫೋನ್ ಮಾಡಿ, ನೋಡವಾ, ಸಾಕ್ಷಿ ಗೆದ್ದಳು ಎಂದ. ಮತ್ತೆರಡು ವರ್ಷಕ್ಕೆ ಅಮೆರಿಕದ ಪತ್ರಕರ್ತರೊಬ್ಬರು, ಪಾಕಿಸ್ತಾನದವರೇ ಅವನನ್ನು ಇಟ್ಟುಕೊಂಡಿದ್ದರು ಎಂದು ಬರೆದಾಗ ಮತ್ತೆ ಫೋನು. ಈ ಸಲ ನೀ ಗೆದ್ದಿ. ಸಾಕ್ಷಿ ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾಳೆ. ಅಪ್ಪನ ಈ ಲೆಕ್ಕ ಕೇಳಿ ನಗುತ್ತಾಳೆ. ಹೋದ ವರ್ಷ ಭರಮಣ್ಣನಿಗೆ ಹೃದಯದ ತೊಂದರೆಯಾಗಿ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿದ್ದಾಗ ಸಾಕ್ಷಿ ಬರುವ ತನಕ ಹೊರಗಿನ ಬಾಕಿನ ಮೇಲೆ ಕುಳಿತವಳು ಕೌಸರ. ಚೇತರಿಸಿಕೊಂಡು ಮನೆಗೆ ಬಂದಿದ್ದಾನೆ, ನಿಧಾನಕ್ಕೆ ನಡೆಯುತ್ತಾನೆ.

ಬೆಳಗಾವಿ ಕೋರ್ಟಿನಲ್ಲಿ ಕೌಸರಳ ವಕೀಲಿ ದೊಡ್ಡದೇನಲ್ಲ. ಆಸ್ತಿಯ ಪಾಲು ವಾಟ್ನಿ, ಜಾಮೀನು, ಹೆಂಡತಿಯರ ಜೀವನಾಂಶ. ಕಣಕುಂಬಿ ಕಡೆಯ ಹಳ್ಳಿಯವರು ಕಾಡಿನ ಜಾಗದ ತಕರಾರು ತರುತ್ತಾರೆ. ಕೇಸು ಹಿಡಿದಳೆಂದರೆ ಮೊದಲು ಎದುರಿನವರ ವಾದವನ್ನು ತಾನೇ ಪೂರ್ತಿ ಬರೆದು ನೋಡುತ್ತಾಳೆ. ಕಕ್ಷಿದಾರರಿಗೆ ಇದು ವಿಚಿತ್ರ, ಕೆಲವರು ಅನುಮಾನಪಟ್ಟು ಬೇರೆ ವಕೀಲರ ಹತ್ತಿರ ಹೋದದ್ದೂ ಉಂಟು.

ಕಲಂದರ ಇಷ್ಟು ವರ್ಷ ಮಗಳ ಕೋರ್ಟಿನ ಕಡೆ ಕಾಲಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ಬೆಳಗಾವಿಗೆ ಬಟ್ಟೆ ತರಲು ಬಂದವನು, ಹೇಳದೆ ಕೇಳದೆ ಕೋರ್ಟ್ ಹಾಲಿನ ಕೊನೆಯ ಬೆಂಚಿನಲ್ಲಿ ಬಂದು ಕುಳಿತ. ಕೌಸರ ಒಬ್ಬ ವಿಧವೆಯ ಹೊಲದ ಕೇಸು ನಡೆಸುತ್ತಿದ್ದಳು. ವಾದ ಬಹಳ ಹೊತ್ತು ನಡೆಯಿತು. ಆಮೇಲೆ ಅಪ್ಪನನ್ನು ನೋಡಿ ಅವಳಿಗೆ ಗಾಬರಿಯಾಯಿತು. ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೆ ಎಂದು ಕೇಳಿದಳು. ಎಲ್ಲ ಸರಿಯಿದೆ ಎಂದ. ಇಬ್ಬರೂ ಒಟ್ಟಿಗೆ ಸ್ಟೇಶನ್ನಿಗೆ ಹೋಗಿ ಸಂಜೆಯ ಗಾಡಿ ಹತ್ತಿದರು.

ರೈಲು ಊರು ಬಿಡುವ ತನಕ ಕಲಂದರ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಆಮೇಲೆ ಮಗಳ ಕಡೆ ತಿರುಗಿ, ಆ ಹೆಣ್ಣುಮಗಳ ಹೊಲ ಉಳಿಯುತ್ತದೆಯೇ ಎಂದು ದಖನಿಯಲ್ಲಿ ಕೇಳಿದ. ಈಗಲೇ ಹೇಳಲಾಗದು ಎಂದಳು ಕೌಸರ. ಅವನು, ವಾದದ ಕೊನೆಕೊನೆಗೆ ನಿನ್ನ ಗಂಟಲು ಒಣಗಿತ್ತು, ನಾಳೆಯಿಂದ ನೀರಿನ ಬಾಟಲಿ ಒಯ್ಯಿ ಎಂದ. ಅವಳು ಆಗಲಿ ಅಬ್ಬಾ ಎಂದಳು. ಖಾನಾಪುರ ಬರುವ ತನಕ ಅವನು ಆ ಹೊಲ ಎಲ್ಲಿದೆ, ಏನು ಬೆಳೆಯುತ್ತಾರೆ, ಎದುರಿನ ವಕೀಲ ಅಷ್ಟು ಹೊತ್ತು ಏನು ಹೇಳಿದ ಎಂದು ಒಂದೊಂದನ್ನೇ ಕೇಳುತ್ತ ಹೋದ. ಅವಳು ಹೇಳುತ್ತ ಹೋದಳು.